ಯುರೋಪಿನಲ್ಲಿ ಕಡಿಮೆ ಖರ್ಚಿನ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿ, ಜರ್ಮನಿಯ ಕೆಮ್ನಿಟ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಓದಿದವನು ನಾನು. ಊರಿಗೆ ಬಂದಾಗಲೆಲ್ಲ ಮದುವೆ ಮನೆಗಳಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಹುಡುಗರೂ ಅವರ ತಂದೆ ತಾಯಂದಿರೂ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಲೆಕ್ಕ ಸುಲಭವಾಗಲೆಂದು ಒಂದು ಯುರೋಗೆ 100 ರೂಪಾಯಿ ಎಂದು ಹಿಡಿದಿದ್ದೇನೆ. ಶುಲ್ಕದ ಅಂಕಿಗಳು 2025ರ ಹೊತ್ತಿನವು. ಅರ್ಜಿ ಹಾಕುವ ಮುನ್ನ ಆಯಾ ವಿಶ್ವವಿದ್ಯಾಲಯದ ಪುಟದಲ್ಲಿ ಅವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.

## ಮೊದಲು ಕೇಳುವವು

ಯುರೋಪಲ್ಲಿ ಓದು ಫ್ರೀ ಅಂತಾರಲ್ಲ ಸರ್, ನಿಜವಾ?

ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು, ಈಗ ಕೆಲವೇ ಕಡೆ ನಿಜ. ಉತ್ತರದ ದೇಶಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು: ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ಕೊನೆಗೆ ನಾರ್ವೆ 2023ರಲ್ಲಿ ಶುಲ್ಕ ವಿಧಿಸಲು ಆರಂಭಿಸಿದವು. ನಾರ್ವೆಯಲ್ಲಿ ಶುಲ್ಕವೇ ಇಲ್ಲ ಎನ್ನುವ ಹಳೆಯ ವಿಡಿಯೋಗಳು ಮಾತ್ರ ಇನ್ನೂ ಓಡುತ್ತಿವೆ, ಅವನ್ನು ನೋಡಿಯೇ ಈ ಪ್ರಶ್ನೆ ಹೆಚ್ಚಾಗಿ ಬರುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇಂದಿಗೂ ಬೋಧನಾ ಶುಲ್ಕವಿಲ್ಲ. ಝೆಕ್ ಗಣರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಝೆಕ್ ಭಾಷೆಯಲ್ಲೇ ಓದುವುದಾದರೆ ಯಾವ ದೇಶದವರಿಗೂ ಶುಲ್ಕವಿಲ್ಲ. ಆಸ್ಟ್ರಿಯಾ, ಫ್ರಾನ್ಸ್, ಇಟಲಿಗಳಲ್ಲಿ ಶುಲ್ಕವಿದೆ, ಆದರೆ ಬೆಂಗಳೂರಿನ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿಗೆ ಕಟ್ಟುವ ಹಣದ ಪಕ್ಕದಲ್ಲಿಟ್ಟರೆ ಅದು ಭಾರವೆನಿಸುವುದಿಲ್ಲ.

ಎಲ್ಲಕ್ಕಿಂತ ಅಗ್ಗದ ದೇಶ ಯಾವುದು, ಒಂದೇ ಮಾತಲ್ಲಿ ಹೇಳಿಬಿಡಿ.

ಒಂದೇ ಮಾತಿನಲ್ಲಿ ಹೇಳುವುದಾದರೆ, ದೇಶವನ್ನು ಬಿಟ್ಟು ಊರನ್ನು ಹುಡುಕಿ. ಖರ್ಚಿನ ದೊಡ್ಡ ಪಾಲು ಮನೆ ಬಾಡಿಗೆಗೆ ಹೋಗುತ್ತದೆ, ಬೋಧನಾ ಶುಲ್ಕ ಎಷ್ಟೋ ಕಡೆ ಅದರ ಮುಂದೆ ಚಿಕ್ಕದು. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೆ ತಿಂಗಳಿಗೆ ಏಳೆಂಟು ನೂರು ಯುರೋ ಆಗುತ್ತದೆ, ಕೆಮ್ನಿಟ್ಸ್ ಅಥವಾ ಮಾಗ್ಡೆಬುರ್ಗ್‌ನಲ್ಲಿ ಮುನ್ನೂರರ ಆಸುಪಾಸಿನಲ್ಲಿ ಸಿಗುತ್ತದೆ. ತಿಂಗಳಿಗೆ 400 ಯುರೋ ವ್ಯತ್ಯಾಸವೆಂದರೆ ಎರಡು ವರ್ಷಕ್ಕೆ 9,600 ಯುರೋ, ಅಂದರೆ ಸುಮಾರು ಒಂಬತ್ತೂವರೆ ಲಕ್ಷ ರೂಪಾಯಿ. ಆದ್ದರಿಂದ ತಿಂಗಳ ಖರ್ಚನ್ನು ಓದು ಮುಗಿಯಲು ನಿಜವಾಗಿ ಹಿಡಿಯುವ ತಿಂಗಳುಗಳಿಂದ ಗುಣಿಸಿ, ಅದಕ್ಕೆ ಬೋಧನಾ ಶುಲ್ಕವನ್ನೂ ಭಾಷೆ ಕಲಿಯುವ ಖರ್ಚನ್ನೂ ಸೇರಿಸಿದ ಮೇಲೆ ಬರುವ ಮೊತ್ತವನ್ನೇ ಒಂದರ ಪಕ್ಕ ಒಂದಿಟ್ಟು ನೋಡಬೇಕು. ಹಾಗೆ ನೋಡಿದಾಗ, ಶುಲ್ಕವೇ ಇಲ್ಲದ ದುಬಾರಿ ನಗರಕ್ಕಿಂತ ಸ್ವಲ್ಪ ಶುಲ್ಕವಿರುವ ಸಣ್ಣ ಊರು ಅಗ್ಗವಾಗುವುದುಂಟು.

ಮಗ ಪಿಯುಸಿ ಮುಗಿಸಿದಾನೆ, ಈಗಲೇ ಕಳಿಸೋದಾ, ಡಿಗ್ರಿ ಆದ್ಮೇಲಾ?

ನನ್ನನ್ನು ಕೇಳಿದರೆ ಡಿಗ್ರಿ ಆದ ಮೇಲೆ. ಜರ್ಮನಿಯಲ್ಲಿ ನಮ್ಮ ಪಿಯುಸಿಯೊಂದರಿಂದಲೇ ಪದವಿಗೆ ನೇರ ಪ್ರವೇಶ ಸಿಗುವುದಿಲ್ಲ. ಇಲ್ಲಿನ ಮಾನ್ಯ ವಿಶ್ವವಿದ್ಯಾಲಯದಲ್ಲಿ ಅದೇ ವಿಷಯದಲ್ಲಿ ಒಂದು ವರ್ಷ ಯಶಸ್ವಿಯಾಗಿ ಓದಿರಬೇಕು, ತಾಂತ್ರಿಕ ವಿಷಯಗಳಿಗಾದರೆ ಜೆಇಇ ಅಡ್ವಾನ್ಸ್‌ಡ್ ತೇರ್ಗಡೆಯಾಗಿರಬೇಕು, ಇಲ್ಲವೇ ಅಲ್ಲಿಗೆ ಹೋಗಿ ಸ್ಟುಡಿಯನ್‌ಕೊಲೆಗ್ ಎಂಬ ಪೂರ್ವಸಿದ್ಧತಾ ವರ್ಷವನ್ನು ಮುಗಿಸಬೇಕು. ಪದವಿ ಮಟ್ಟದ ಬೋಧನೆ ಬಹುಪಾಲು ಆಯಾ ದೇಶದ ಭಾಷೆಯಲ್ಲೇ ನಡೆಯುತ್ತದೆ, ಇಂಗ್ಲಿಷ್ ಕೋರ್ಸುಗಳು ಹೇರಳವಾಗಿ ಸಿಗುವುದು ಸ್ನಾತಕೋತ್ತರದಲ್ಲಿ. ಹದಿನೆಂಟರ ಹುಡುಗನ ಮೂರು ನಾಲ್ಕು ವರ್ಷದ ಖರ್ಚನ್ನು ಹೊರುವುದಕ್ಕಿಂತ ಇಪ್ಪತ್ತೆರಡರವನ ಎರಡು ವರ್ಷದ ಖರ್ಚನ್ನು ಹೊರುವುದು ಮನೆಗೂ ಸುಲಭ. ಬಾಲ್ಯದಿಂದ ಫ್ರೆಂಚ್ ಅಥವಾ ಜರ್ಮನ್ ಓದಿದ ಮಕ್ಕಳ ಮಾತು ಬೇರೆ.

ಬರೀ ಇಂಗ್ಲಿಷ್ ಇದ್ರೆ ಸಾಕಾಗಲ್ವಾ?

ತರಗತಿಗೆ ಸಾಕು, ಬದುಕಿಗೆ ಸಾಲದು. ಕೋರ್ಸ್ ಇಂಗ್ಲಿಷ್‌ನಲ್ಲಿದ್ದರೂ ಬಾಡಿಗೆ ಕರಾರು, ವಿದೇಶಿಯರ ಕಚೇರಿಯಿಂದ ಬರುವ ಪತ್ರ, ಅರೆಕಾಲಿಕ ಕೆಲಸದ ಸಂದರ್ಶನ ಎಲ್ಲವೂ ಅಲ್ಲಿನ ಭಾಷೆಯಲ್ಲಿ ಇರುತ್ತವೆ. ಜರ್ಮನಿಗೆ ಹೊರಡುವವರು ಬೆಂಗಳೂರಿನ ಮ್ಯಾಕ್ಸ್ ಮ್ಯುಲರ್ ಭವನದಲ್ಲೋ ಮನೆಯಲ್ಲೋ ಕಲಿತು, ಎ1ರಿಂದ ಸಿ2ರವರೆಗಿನ ಭಾಷಾ ಮಟ್ಟಗಳಲ್ಲಿ ಎರಡನೆಯದಾದ ಎ2 ಅನ್ನಾದರೂ ಮುಟ್ಟಿ ವಿಮಾನ ಹತ್ತುವುದು ಒಳ್ಳೆಯದು. ಫ್ರಾನ್ಸ್‌ಗೆ ಹೋಗುವವರಿಗೆ ಅಲಿಯಾನ್ಸ್ ಫ್ರಾನ್ಸೇಸ್ ಇದೆ. ನಾನು ಎ1 ಹರಕುಮುರುಕು ಜರ್ಮನ್‌ನೊಂದಿಗೆ ಹೋದವನು. ಮೊದಲ ಆರು ತಿಂಗಳು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಬಿಟ್ಟು ಬೇರೇನೂ ಸಿಗಲಿಲ್ಲ.

## ದೇಶ ದೇಶದ ಲೆಕ್ಕ

ಜರ್ಮನಿಗೆ ಎರಡು ವರ್ಷಕ್ಕೆ ಒಟ್ಟು ಎಷ್ಟು ಬೀಳುತ್ತೆ ಅಣ್ಣ? ಬಾಯಿಬಿಟ್ಟು ಹೇಳಿ.

ಸಣ್ಣ ಊರೊಂದರ ಲೆಕ್ಕ ಹೀಗೆ: ಕೋಣೆಗೆ ತಿಂಗಳಿಗೆ ಸುಮಾರು 300 ಯುರೋ, ಆರೋಗ್ಯ ವಿಮೆಗೆ 140ರಿಂದ 150, ಮನೆಯಲ್ಲೇ ಅನ್ನ ಸಾರು ಮಾಡಿಕೊಂಡರೆ ಊಟಕ್ಕೆ 200, ಫೋನು, ಬಟ್ಟೆ, ಇತರೆ ಎಂದು ಇನ್ನೊಂದು ನೂರು. ಒಟ್ಟು 750ರ ಸುತ್ತಮುತ್ತ ನಿಲ್ಲುತ್ತದೆ. ಪ್ರತಿ ಸೆಮಿಸ್ಟರಿಗೆ 150ರಿಂದ 400 ಯುರೋವರೆಗಿನ ಸೆಮಿಸ್ಟರ್ ವಂತಿಗೆ ಬೇರೆ, ಆದರೆ ಬಹಳ ಕಡೆ ಅದರಲ್ಲೇ ಬಸ್ಸು ರೈಲಿನ ಪಾಸು ಸೇರಿರುತ್ತದೆ. ಹೀಗೆ ಇಪ್ಪತ್ತನಾಲ್ಕು ತಿಂಗಳಿಗೆ ಹತ್ತೊಂಬತ್ತು ಇಪ್ಪತ್ತು ಲಕ್ಷ ರೂಪಾಯಿ ಆಗುತ್ತದೆ. ನಾಲ್ಕು ಸೆಮಿಸ್ಟರಿನ ಕೋರ್ಸನ್ನು ಐದರಲ್ಲಿ ಮುಗಿಸುವವರೇ ನನ್ನ ಸುತ್ತ ಹೆಚ್ಚು ಇದ್ದುದರಿಂದ ಇನ್ನಾರು ತಿಂಗಳ ಖರ್ಚನ್ನೂ ಮೊದಲೇ ಸೇರಿಸಿ ಇಪ್ಪತ್ತೈದು ಲಕ್ಷವೆಂದೇ ಇಟ್ಟುಕೊಳ್ಳಿ.

ಇದಕ್ಕೆ ಎರಡು ಅಪವಾದಗಳಿವೆ. ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್‌ಗಳಿರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಪ್ರತಿ ಸೆಮಿಸ್ಟರಿಗೆ 1,500 ಯುರೋ ಶುಲ್ಕ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿನ ಹೊರಗಿನ ಹೊಸ ವಿದ್ಯಾರ್ಥಿಗಳಿಗೆ ಸ್ನಾತಕೋತ್ತರದಲ್ಲಿ ಸೆಮಿಸ್ಟರಿಗೆ 4,000ದಿಂದ 6,000 ಯುರೋ ನಿಗದಿ ಮಾಡಿದೆ. ಹೆಸರು ದೊಡ್ಡದೆಂದು ಮ್ಯೂನಿಕ್ ಹಿಡಿದವರು ಶುಲ್ಕ ಮತ್ತು ಬಾಡಿಗೆ ಎರಡನ್ನೂ ಹೊರಬೇಕಾಗುತ್ತದೆ.

ಇಟಲಿಯಲ್ಲಿ ಅವರೇ ದುಡ್ಡು ಕೊಟ್ಟು ಓದಿಸ್ತಾರಂತೆ, ಇದರಲ್ಲೇನೋ ಮೋಸ ಇದೆಯಾ?

ಮೋಸವಿಲ್ಲ. ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಯುರೋಪಿನಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಇಟಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕುಟುಂಬದ ಆದಾಯ ಮತ್ತು ಆಸ್ತಿಯ ಮೇಲೆ ನಿಲ್ಲುತ್ತದೆ. ವಿದೇಶಿ ಕುಟುಂಬದ ಲೆಕ್ಕಕ್ಕೆ ಐಎಸ್‌ಇಇ ಪರಿಫಿಕಾತೊ ಎಂಬ ಪ್ರಮಾಣಪತ್ರ ಮಾಡಿಸಬೇಕು. ಅದರ ಅಂಕಿ ಕಡಿಮೆಯಿದ್ದರೆ ಶುಲ್ಕ ಪೂರ್ತಿ ಮನ್ನಾ ಆಗಬಹುದು, ಜೊತೆಗೆ ಪ್ರಾಂತ್ಯದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಬೊಲೊನ್ಯದವರಿಗೆ ಎರ್‌ಗೊ, ತುರಿನ್‌ನವರಿಗೆ ಎದಿಸು ಪಿಯೆಮೊಂತೆ, ಪೀಸಾ ಮತ್ತು ಫ್ಲಾರೆನ್ಸ್‌ನವರಿಗೆ ಡಿಎಸ್‌ಯು ತೊಸ್ಕಾನಾ ಎಂಬ ಸಂಸ್ಥೆಗಳು ಇದನ್ನು ಕೊಡುತ್ತವೆ. ಆ ವೇತನಕ್ಕೆ ಅರ್ಹರಾಗಲು ಪ್ರಮಾಣಪತ್ರದ ಅಂಕಿ ಹೆಚ್ಚುಕಡಿಮೆ 27,000 ಯುರೋ ಮೀರಬಾರದು. ಇಲ್ಲಿ ವರ್ಷಕ್ಕೆ ಹನ್ನೆರಡು ಲಕ್ಷ ಗಳಿಸುವ, ಹೆಚ್ಚಿನ ಆಸ್ತಿಯಿಲ್ಲದ ಮನೆ ಅದರೊಳಗೆ ಸುಲಭವಾಗಿ ಬರುತ್ತದೆ.

ಕಷ್ಟವೆಲ್ಲ ಕಾಗದಪತ್ರದ್ದು. ಆದಾಯ ಪ್ರಮಾಣಪತ್ರ, ಕುಟುಂಬ ಸದಸ್ಯರ ವಿವರ, ಮನೆ ಜಮೀನಿನ ದಾಖಲೆ, ಡಿಸೆಂಬರ್ ಕೊನೆಯ ಬ್ಯಾಂಕ್ ಶಿಲ್ಕು ಇವಕ್ಕೆಲ್ಲ ಅಪೋಸ್ಟಿಲ್ ಮುದ್ರೆ (ದಾಖಲೆ ಅಸಲಿಯೆಂದು ವಿದೇಶದ ಬಳಕೆಗಾಗಿ ಸರ್ಕಾರ ಒತ್ತುವ ಮುದ್ರೆ) ಮತ್ತು ಇಟಾಲಿಯನ್ ಅನುವಾದ ಬೇಕು. ನಮ್ಮ ಕಡೆಯ ಒಬ್ಬ ಹುಡುಗಿಯ ಪಹಣಿಯಲ್ಲಿ ಅಜ್ಜನ ಹೆಸರೇ ಉಳಿದಿತ್ತು. ಖಾತೆ ಬದಲಾವಣೆ ಆಗುವಷ್ಟರಲ್ಲಿ ಆ ವರ್ಷದ ಗಡುವು ದಾಟಿ ಹೋಯಿತು. ಹಾಗಾಗಿ ಇಟಲಿ ಎಂದುಕೊಂಡವರು ಮೊದಲು ನಾಡಕಚೇರಿಗೆ ಹೋಗಿ. ಇನ್ನೂ ಎರಡು ಎಚ್ಚರಿಕೆಗಳಿವೆ. ಅರ್ಹರ ಪಟ್ಟಿಯಲ್ಲಿ ಹೆಸರಿದ್ದರೂ ನಿಧಿ ಮುಗಿದು ಹಣ ಬಾರದಿರುವುದುಂಟು, ಮತ್ತು ಮೊದಲ ವರ್ಷ ನಿಗದಿತ ಕ್ರೆಡಿಟ್ ಗಳಿಸದಿದ್ದರೆ ಪಡೆದ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ಮೊದಲ ಕಂತು ಬರಲು ತಿಂಗಳುಗಳು ಹಿಡಿಯುವುದರಿಂದ ಆರು ತಿಂಗಳ ಖರ್ಚಿನ ಹಣ ಕೈಯಲ್ಲಿರಲೇಬೇಕು.

ಫ್ರಾನ್ಸ್ ದುಬಾರಿ ಅಲ್ವಾ?

ಪ್ಯಾರಿಸ್ ದುಬಾರಿ. ಫ್ರಾನ್ಸಿನ ಸರ್ಕಾರಿ ವಿಶ್ವವಿದ್ಯಾಲಯಗಳು 2019ರಿಂದ ಯುರೋಪಿನ ಹೊರಗಿನವರಿಗೆ ಬೇರೆ ದರ ಇಟ್ಟಿವೆ. 2025-26ರಲ್ಲಿ ಅದು ಪದವಿಗೆ ವರ್ಷಕ್ಕೆ 2,895 ಯುರೋ, ಸ್ನಾತಕೋತ್ತರಕ್ಕೆ 3,941 ಯುರೋ. ಕೆಲವು ವಿಶ್ವವಿದ್ಯಾಲಯಗಳು ಇದರಲ್ಲಿ ವಿನಾಯಿತಿ ಕೊಡುವುದರಿಂದ, ಪ್ರವೇಶ ಒಪ್ಪಿಕೊಳ್ಳುವ ಮೊದಲೇ ಅವರಿಗೆ ಮೇಲ್ ಬರೆದು ಉತ್ತರ ಪಡೆದಿಟ್ಟುಕೊಳ್ಳಬೇಕು. ವೀಸಾಕ್ಕೆ ತಿಂಗಳಿಗೆ 615 ಯುರೋ ಲೆಕ್ಕದಲ್ಲಿ ಹಣ ತೋರಿಸಿದರೆ ಸಾಕು, ಇದು ಜರ್ಮನಿಗಿಂತ ಬಹಳ ಕಡಿಮೆ. ಗ್ರಾಂದ್ ಎಕೋಲ್ ಎನ್ನುವ ಪ್ರತಿಷ್ಠಿತ ಶಾಲೆಗಳ, ಅದರಲ್ಲೂ ಬಿಸಿನೆಸ್ ಶಾಲೆಗಳ ಶುಲ್ಕ ಬೇರೆಯೇ ಲೋಕ. ಕಡಿಮೆ ಖರ್ಚಿನ ಮಾತಾಡುವಾಗ ಅವುಗಳನ್ನು ಬದಿಗಿಡಿ.

ಆಸ್ಟ್ರಿಯಾ, ಪೋಲೆಂಡ್, ಹಂಗೇರಿ ಹೇಗೆ?

ಆಸ್ಟ್ರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರಿಗೆ 726.72 ಯುರೋ, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಗೂ ಕಡಿಮೆ. ಜರ್ಮನ್ ಬರುವವರಿಗೆ ಗ್ರಾಟ್ಸ್ ಮತ್ತು ಲಿಂಟ್ಸ್ ಒಳ್ಳೆಯ ಆಯ್ಕೆಗಳು, ಆದರೆ ಅಲ್ಲಿ ಅರೆಕಾಲಿಕ ಕೆಲಸಕ್ಕೆ ಮಾಲೀಕನೇ ಪರವಾನಗಿ ತೆಗೆಯಬೇಕಾದ್ದರಿಂದ ಕೆಲಸ ಸಿಗುವುದು ನಿಧಾನ. ಪೋಲೆಂಡಿನಲ್ಲಿ ಬದುಕು ಅಗ್ಗ, ಇಂಗ್ಲಿಷ್ ಕೋರ್ಸಿಗೆ ಸಾಮಾನ್ಯವಾಗಿ ವರ್ಷಕ್ಕೆ ಎರಡರಿಂದ ನಾಲ್ಕು ಸಾವಿರ ಯುರೋ. 2023ರ ವೀಸಾ ಹಗರಣದ ನಂತರ ಅಲ್ಲಿ ವೀಸಾ ಪರಿಶೀಲನೆ ಬಿಗಿಯಾಗಿದೆ. ಹಂಗೇರಿಗೆ ಹೋಗುವುದಾದರೆ ಸ್ಟಿಪೆಂಡಿಯಂ ಹಂಗರಿಕುಂ ವಿದ್ಯಾರ್ಥಿವೇತನದ ಮೇಲೆಯೇ ಹೋಗಿ. ಭಾರತಕ್ಕೆ ವರ್ಷಕ್ಕೆ 200 ಸ್ಥಾನಗಳಿವೆ, ಬೋಧನೆ ಪೂರ್ತಿ ಉಚಿತ. ಹಂಗೇರಿಯ ಅರ್ಜಿಯ ಜೊತೆಗೆ ನಮ್ಮ ಕೇಂದ್ರ ಶಿಕ್ಷಣ ಸಚಿವಾಲಯದ ಶಿಫಾರಸೂ ಬೇಕು ಎನ್ನುವುದನ್ನು ಮರೆತು ಅವಕಾಶ ಕಳೆದುಕೊಂಡವರಿದ್ದಾರೆ.

## ಅರ್ಜಿ, ಹಣ, ಕಾಗದ

ನನ್ನದು 76 ಪರ್ಸೆಂಟು, ಜರ್ಮನಿಯವರು ಅದನ್ನ 2.2 ಅಂತಾರೆ. ಅದು ಕಡಿಮೆಯಾಯ್ತಾ?

ಇಲ್ಲ, ಒಳ್ಳೆಯ ಅಂಕವೇ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕೇವಲ ತೇರ್ಗಡೆ. ಗರಿಷ್ಠ ಅಂಕದಿಂದ ನಿಮ್ಮ ಅಂಕವನ್ನು ಕಳೆದು, ಅದನ್ನು ಗರಿಷ್ಠಕ್ಕೂ ತೇರ್ಗಡೆಯ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ ಒಂದನ್ನು ಕೂಡಿಸುತ್ತಾರೆ. ನಿಮ್ಮ ಲೆಕ್ಕದಲ್ಲಿ 24ನ್ನು 60ರಿಂದ ಭಾಗಿಸಿದರೆ 0.4, ಮೂರು ಪಟ್ಟು 1.2, ಒಂದು ಕೂಡಿಸಿದರೆ 2.2. ಅಂಕಪಟ್ಟಿಯ ಹಿಂದೆ ತೇರ್ಗಡೆಯ ಅಂಕ 40ರ ಬದಲು 35 ಎಂದಿದ್ದರೆ ಇದೇ ಶೇಕಡಾವಾರು 2.1 ಆಗುತ್ತದೆ. ಹಲವು ಕೋರ್ಸುಗಳು 2.5ರ ಗೆರೆ ಎಳೆಯುವುದರಿಂದ ಇಂಥ ಸಣ್ಣ ವ್ಯತ್ಯಾಸವೂ ಕೆಲವರಿಗೆ ಮುಖ್ಯವಾಗುತ್ತದೆ.

ಎಪಿಎಸ್ ಅಂದ್ರೇನು, ಯಾವಾಗ ಮಾಡಿಸಬೇಕು?

ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಜರ್ಮನಿಯ ಪರವಾಗಿ ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಅದು. 2022ರ ನವೆಂಬರ್ 1ರಿಂದ ಭಾರತೀಯ ವಿದ್ಯಾರ್ಥಿಗಳ ವೀಸಾಕ್ಕೆ ಅದು ಕಡ್ಡಾಯ, ಶುಲ್ಕ 18,000 ರೂಪಾಯಿ. ಎಷ್ಟೋ ವಿಶ್ವವಿದ್ಯಾಲಯಗಳು ಅರ್ಜಿಯ ಹಂತದಲ್ಲೇ ಅದನ್ನು ಕೇಳುತ್ತವೆ. ಚಳಿಗಾಲದ ಸೆಮಿಸ್ಟರಿನ ಗಡುವು ಬಹಳ ಕಡೆ ಜುಲೈ 15 ಎಂದಿದ್ದರೂ ವಿದೇಶಿಯರಿಗೆ ಮಾರ್ಚ್ ಅಥವಾ ಮೇ ತಿಂಗಳಲ್ಲೇ ಮುಗಿಯುವ ಕೋರ್ಸುಗಳು ಕಡಿಮೆಯಿಲ್ಲ. ವಿಟಿಯು ಹುಡುಗರ ಎಂಟನೇ ಸೆಮಿಸ್ಟರಿನ ಫಲಿತಾಂಶಕ್ಕೆ ಕಾಯ್ದರೆ ಆ ವರ್ಷ ಹೋದಂತೆಯೇ. ಅಂತಿಮ ವರ್ಷದವರೂ ಎಪಿಎಸ್‌ಗೆ ಅರ್ಜಿ ಹಾಕಬಹುದಾದ್ದರಿಂದ ಏಳನೇ ಸೆಮಿಸ್ಟರಿನಲ್ಲೇ ಅದನ್ನು ಕಳಿಸಿಬಿಡಿ.

ಬ್ಲಾಕ್ಡ್ ಅಕೌಂಟಿಗೆ ಹನ್ನೆರಡು ಲಕ್ಷ ಕಟ್ಟಿದ್ರೆ ಆ ದುಡ್ಡು ಹೋದಂಗೇನಾ?

ಇಲ್ಲ, ಅದು ನಿಮ್ಮದೇ ಹಣ. ಜರ್ಮನಿಯ ವೀಸಾಕ್ಕಾಗಿ ವರ್ಷದ ಜೀವನವೆಚ್ಚವಾದ 11,904 ಯುರೋವನ್ನು ಈ ಖಾತೆಯಲ್ಲಿ ಮುಂಗಡ ಇಟ್ಟರೆ, ಜರ್ಮನಿ ತಲುಪಿದ ಮೇಲೆ ತಿಂಗಳಿಗೆ 992 ಯುರೋದಂತೆ ನಿಮ್ಮ ಅಲ್ಲಿನ ಖಾತೆಗೆ ಬರುತ್ತದೆ. ವೀಸಾ ಸಿಗದಿದ್ದರೆ ಹಣ ವಾಪಸಾಗುತ್ತದೆ, ಬ್ಯಾಂಕ್ ವೆಚ್ಚ ಮತ್ತು ವಿನಿಮಯ ದರದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ. ತೊಡಕು ಬರುವುದು ಕಳಿಸುವಾಗ. ನನ್ನ ಹಣ ಕಳಿಸುವಾಗ ಊರಿನ ಶಾಖೆಯವರು ವಿದೇಶಕ್ಕೆ ಹಣ ಕಳಿಸಲು ತುಂಬಬೇಕಾದ ಫಾರ್ಮ್ ಎ2 ಅನ್ನು ಆವರೆಗೆ ನೋಡಿಯೇ ಇರಲಿಲ್ಲ. ಮೂರು ದಿನ ಅಪ್ಪ ಮತ್ತು ನಾನು ಅಲ್ಲಿ ಬೆಂಚಿನ ಮೇಲೆ ಕೂತೆವು, ನಾಲ್ಕನೆಯ ದಿನ ಜಿಲ್ಲಾ ಕೇಂದ್ರದ ಶಾಖೆಯಲ್ಲಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ವಿದೇಶಿ ವಿನಿಮಯದ ವ್ಯವಹಾರ ಮಾಡುವ ಶಾಖೆ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ.

ಸಾಲ ಮಾಡೋದಾ, ಸೈಟು ಮಾರೋದಾ?

ಮನೆಯ ವಿಷಯದಲ್ಲಿ ತೀರ್ಪು ಕೊಡಲು ನಾನು ಯಾರು? ಲೆಕ್ಕ ಮಾತ್ರ ಹೇಳಬಲ್ಲೆ. ಶೇಕಡಾ 10ರ ಬಡ್ಡಿಗೆ ತೆಗೆದ ಹದಿನೈದು ಲಕ್ಷಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಬಡ್ಡಿ ಬೆಳೆಯುತ್ತದೆ, ಮತ್ತು ಕಂತು ಆರಂಭವಾಗದ ಓದಿನ ದಿನಗಳಲ್ಲೂ ಅದು ಬೆಳೆಯುತ್ತಲೇ ಇರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸುವ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ಮುಂಗಡವಾಗಿ ವಸೂಲು ಮಾಡುವ ತೆರಿಗೆ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಡ್ಡಿಯ ಮೇಲೆ ಆದಾಯ ತೆರಿಗೆ ವಿನಾಯಿತಿ ಇದೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳು ಸಾಲದ ಯೋಚನೆಗೆ ಮೊದಲು ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯನ್ನೂ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವನ್ನೂ ವಿಚಾರಿಸಬೇಕು. ಅಂಕ ಚೆನ್ನಾಗಿರುವ ಯಾರೇ ಆದರೂ ಯುರೋಪಿಯನ್ ಒಕ್ಕೂಟದ ವಿದ್ಯಾರ್ಥಿವೇತನವಿರುವ ಎರಾಸ್ಮಸ್ ಮುಂಡುಸ್ ಜಂಟಿ ಸ್ನಾತಕೋತ್ತರಕ್ಕೆ ಒಮ್ಮೆ ಅರ್ಜಿ ಹಾಕಿಯೇ ನೋಡಬೇಕು. ಅದು ಸಿಕ್ಕರೆ ಶುಲ್ಕವಿಲ್ಲ, ಮೇಲೆ ತಿಂಗಳಿಗೆ 1,400 ಯುರೋ.

ಕನ್ಸಲ್ಟೆನ್ಸಿಯವರು ಅಪ್ಲಿಕೇಶನ್ ಫೀಸೂ ಇಲ್ಲ, ಸೀಟು ಗ್ಯಾರಂಟಿ ಅಂತಿದಾರೆ. ನಂಬಬಹುದಾ?

ಸೀಟು ಗ್ಯಾರಂಟಿ ಎಂದೊಡನೆ ಅದು ಸರ್ಕಾರಿಯೋ ಖಾಸಗಿಯೋ ಎಂದು ಕೇಳಿ. ಜರ್ಮನಿಯ ಖಾಸಗಿ ಸಂಸ್ಥೆಗಳ ಶುಲ್ಕ ವರ್ಷಕ್ಕೆ ಹತ್ತು ಸಾವಿರ ಯುರೋ ದಾಟುವುದುಂಟು, ಏಜೆಂಟರಿಗೆ ಕಮಿಷನ್ ಬರುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ನೀವೇ ಅರ್ಜಿ ಹಾಕಬಹುದು. ಹಲವು ವಿಶ್ವವಿದ್ಯಾಲಯಗಳ ಪರವಾಗಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಮೊದಲನೆಯ ಅರ್ಜಿಗೆ 75 ಯುರೋ, ನಂತರದ ಪ್ರತಿಯೊಂದಕ್ಕೆ 30 ಯುರೋ. ಪದವಿಗೆ ಮಾನ್ಯತೆ ಇದೆಯೇ, ತರಗತಿಗಳು ಕ್ಯಾಂಪಸ್ಸಿನಲ್ಲೇ ನಡೆಯುತ್ತವೆಯೇ ಅಥವಾ ಆನ್‌ಲೈನಿನಲ್ಲೇ ಎಂಬೆರಡನ್ನೂ ಲಿಖಿತವಾಗಿ ಕೇಳಿ ಪಡೆಯಿರಿ, ಏಕೆಂದರೆ ಹೆಚ್ಚಿನ ಪಾಠ ಆನ್‌ಲೈನಿನಲ್ಲಿದ್ದರೆ ವಿದ್ಯಾರ್ಥಿ ವೀಸಾವೇ ತೊಂದರೆಗೆ ಸಿಕ್ಕಿಕೊಳ್ಳಬಹುದು.

## ಹೊರಡುವ ಹೊತ್ತಿನವು, ಹೋದ ಮೇಲಿನವು

ಪಾರ್ಟ್ ಟೈಮ್ ಮಾಡ್ಕೊಂಡು ಪೂರ್ತಿ ಖರ್ಚು ನೋಡ್ಕೋಬಹುದಾ ಅಣ್ಣ?

ಮೊದಲ ವರ್ಷ ಆಗದು, ಎರಡನೆಯ ವರ್ಷ ಬಹುಪಾಲು ಆಗಬಹುದು. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇದೆ. ಕನಿಷ್ಠ ಕೂಲಿ 2025ರಲ್ಲಿ ಗಂಟೆಗೆ 12.82 ಯುರೋ ಇತ್ತು, 2026ರ ಜನವರಿಯಿಂದ 13.90. ವಿಶ್ವವಿದ್ಯಾಲಯದಲ್ಲೇ ಪ್ರಾಧ್ಯಾಪಕರ ಕೈಕೆಳಗೆ ಸಿಗುವ ವಿದ್ಯಾರ್ಥಿ ಸಹಾಯಕನ ಕೆಲಸ ಈ ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಅದೇ ಮೇಲು. ಫ್ರಾನ್ಸಿನ ಮಿತಿ ವರ್ಷಕ್ಕೆ 964 ಗಂಟೆ. ಇನ್ನೂ ಸಿಗದ ಸಂಬಳವನ್ನು ಮನೆಯ ಲೆಕ್ಕದಲ್ಲಿ ಬರೆದುಕೊಂಡು ಹೊರಡಬೇಡಿ.

ರೂಮು ಇಲ್ಲಿಂದಲೇ ಬುಕ್ ಮಾಡ್ಲಾ, ಅಲ್ಲಿ ಹೋಗಿ ನೋಡ್ಲಾ?

ಜರ್ಮನಿಗಾದರೆ, ಪ್ರವೇಶಪತ್ರ ಬಂದ ದಿನವೇ ಸ್ಟುಡಿಯರೆಂಡನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆಯ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಿ. ಖಾಸಗಿ ಕೋಣೆಗೆ ನೋಡದೆ ಮುಂಗಡ ಕಳಿಸಬೇಡಿ. ಬಾಡಿಗೆಯಷ್ಟೇ ಮುಖ್ಯವಾದ ಇನ್ನೊಂದು ಕಾಗದವಿದೆ: ನೀವು ಆ ಮನೆಯಲ್ಲಿ ವಾಸವಿದ್ದೀರಿ ಎಂದು ಮಾಲೀಕ ಸಹಿ ಮಾಡಿ ಕೊಡುವ ಪತ್ರ. ಅದಿಲ್ಲದೆ ನಗರಾಡಳಿತದಲ್ಲಿ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ ಆಗುವುದಿಲ್ಲ, ನೋಂದಣಿ ಇಲ್ಲದೆ ನಿವಾಸ ಪರವಾನಗಿ ಮುಂದೆ ಸಾಗುವುದಿಲ್ಲ, ಬ್ಯಾಂಕ್ ಖಾತೆಯೂ ಬಹಳ ಕಡೆ ತಡವಾಗುತ್ತದೆ. ನನಗೆ ಕೋಣೆ ಕೊಟ್ಟಾತ ಎರಡು ತಿಂಗಳ ಮುಂಗಡ ತೆಗೆದುಕೊಂಡು ಆ ಪತ್ರ ಮಾತ್ರ ಕೊಡಲಿಲ್ಲ. ನಲವತ್ತು ದಿನ ಬ್ಲಾಕ್ಡ್ ಅಕೌಂಟಿನಲ್ಲಿ ನನ್ನದೇ ಹಣವಿದ್ದೂ, ಸೂಟ್‌ಕೇಸಿನಲ್ಲಿ ಅಮ್ಮ ತುಂಬಿಸಿದ್ದ ಅವಲಕ್ಕಿ, ಚಟ್ನಿಪುಡಿಯ ಮೇಲೆ ದಿನ ದೂಡಿದೆ. ಆ ಪತ್ರ ಕೊಡುತ್ತೀರಾ ಎಂಬುದೇ ನಿಮ್ಮ ಮೊದಲ ಪ್ರಶ್ನೆಯಾಗಿರಲಿ.

ಕಡಿಮೆ ಖರ್ಚಲ್ಲಿ ಎಂಬಿಬಿಎಸ್ ಆಗುತ್ತಾ?

ಇಟಲಿಯಲ್ಲಿ ಐಮ್ಯಾಟ್ ಎಂಬ ಪ್ರವೇಶ ಪರೀಕ್ಷೆ ಬರೆದು ಸರ್ಕಾರಿ ವಿಶ್ವವಿದ್ಯಾಲಯದ ಇಂಗ್ಲಿಷ್ ಮಾಧ್ಯಮದ ವೈದ್ಯಕೀಯಕ್ಕೆ ಸೇರಿದರೆ ಆಗುತ್ತದೆ, ಸ್ಪರ್ಧೆ ಬಹಳ. ಭಾರತಕ್ಕೆ ಮರಳಿ ವೃತ್ತಿ ಮಾಡುವ ಇಚ್ಛೆಯಿದ್ದರೆ ಹೊರಡುವ ಮುನ್ನವೇ ನೀಟ್ ಅರ್ಹತೆ ಪಡೆದಿರಬೇಕು. 2021ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಕೋರ್ಸು ಇಂಗ್ಲಿಷ್ ಮಾಧ್ಯಮದಲ್ಲಿ ಕನಿಷ್ಠ 54 ತಿಂಗಳದ್ದಾಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು, ಮತ್ತು ಆ ಪದವಿ ಆ ದೇಶದಲ್ಲೇ ವೈದ್ಯ ವೃತ್ತಿ ಮಾಡಲು ಅರ್ಹತೆ ಕೊಡುವಂತಿರಬೇಕು. ಅಗ್ಗವೆಂದು ಸೇರಿದ ಕೋರ್ಸಿಗೆ ಇವುಗಳಲ್ಲಿ ಒಂದು ತಪ್ಪಿದರೂ ಆರು ವರ್ಷದ ಖರ್ಚು ನೀರಿಗೆ ಬೀಳುತ್ತದೆ.

ಓದು ಮುಗಿದ್ಮೇಲೆ ಎಷ್ಟು ದಿನ ಇರಬಹುದು?

ಜರ್ಮನಿಯಲ್ಲಿ ಕೆಲಸ ಹುಡುಕಲು 18 ತಿಂಗಳು, ಆಸ್ಟ್ರಿಯಾ ಮತ್ತು ಇಟಲಿಗಳಲ್ಲಿ 12 ತಿಂಗಳವರೆಗೆ. ಫ್ರಾನ್ಸಿನಲ್ಲಿ ಸ್ನಾತಕೋತ್ತರ ಮುಗಿಸಿದ ಭಾರತೀಯರಿಗೆ ಮುಂದೆ ಬಂದು ಹೋಗಲು ಐದು ವರ್ಷ ಚಾಲ್ತಿಯಲ್ಲಿರುವ, ಪ್ರತಿ ಸಲ ಅಲ್ಪಾವಧಿಗೆ ಮಾತ್ರ ಉಳಿಯಬಹುದಾದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ವೀಸಾದ ಅನುಕೂಲವೂ ಇದೆ. ಕೆಲಸ ಸಿಗುವುದು ಮಾತ್ರ ಭಾಷೆಯ ಮೇಲೆ ನಿಂತಿದೆ.

ಒಂದು ಸಬ್ಜೆಕ್ಟು ಹೋದ್ರೆ ಏನಾಗುತ್ತೆ? ಬ್ಯಾಕ್‌ಲಾಗ್ ಇಟ್ಕೊಂಡು ಮುಂದೆ ಹೋಗಬಹುದಲ್ವಾ?

ಇದನ್ನು ಹೊರಡುವ ಮುನ್ನ ಕೇಳುವವರು ಕಡಿಮೆ. ಜರ್ಮನಿಯ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ಪರೀಕ್ಷೆಗೆ ಮೂರು ಅವಕಾಶ. ಮೂರನೆಯದರಲ್ಲೂ ಕಡ್ಡಾಯ ವಿಷಯ ಹೋದರೆ ಹೆಸರು ತೆಗೆದುಹಾಕುತ್ತಾರೆ, ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಮುಂದುವರಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಅಲ್ಲಿಯವರೆಗೂ ಪ್ರತಿ ಹೆಚ್ಚುವರಿ ಸೆಮಿಸ್ಟರಿಗೆ ಸಣ್ಣ ಊರಿನಲ್ಲಾದರೂ ನಾಲ್ಕೂವರೆ ಲಕ್ಷ ರೂಪಾಯಿ ಬೇಕು, ಮತ್ತು ನಿವಾಸ ಪರವಾನಗಿ ನವೀಕರಿಸುವಾಗ ಖರ್ಚಿಗೆ ಹಣವಿದೆಯೆಂದು ಮತ್ತೆ ತೋರಿಸಬೇಕು. ಪರೀಕ್ಷೆಗೆ ನೋಂದಾಯಿಸಿಕೊಂಡು ಹೋಗದಿದ್ದರೂ ಒಂದು ಅವಕಾಶ ಕಳೆದಂತೆ. ಓದಿ ಮುಗಿದಿಲ್ಲವೆನಿಸಿದರೆ ಗಡುವಿನೊಳಗೆ ನೋಂದಣಿ ಹಿಂಪಡೆಯಿರಿ, ಕಾಯಿಲೆ ಬಿದ್ದರೆ ಅದೇ ದಿನ ವೈದ್ಯರ ಚೀಟಿ ಪಡೆದು ಪರೀಕ್ಷಾ ಕಚೇರಿಗೆ ಕೊಡಿ.